ಎರಡು ಪೆಟ್ಟಿಗೆ ಹೊಂದುತ್ತಿಲ್ಲ, ನಿದ್ದೆ ಬರುತ್ತಿಲ್ಲ

ಪ್ರಶ್ನೆ: ನನಗೆ 46 ವರ್ಷ. ದಾವಣಗೆರೆ ಜಿಲ್ಲೆಯ ಒಂದು ಪಾಲಿಟೆಕ್ನಿಕ್‌ನಲ್ಲಿ ಎಲೆಕ್ಟ್ರಾನಿಕ್ಸ್ ಪಾಠ ಮಾಡುತ್ತೇನೆ. ಹ್ಯಾಮ್ ರೇಡಿಯೊ ಲೈಸೆನ್ಸ್ ಇದೆ. ಹೋದ ವರ್ಷ ಹಳೆಯ ಟ್ರಿಂಬಲ್ ಥಂಡರ್‌ಬೋಲ್ಟ್ ತರಿಸಿದೆ, ಅಂದರೆ ಜಿಪಿಎಸ್ ಉಪಗ್ರಹಗಳನ್ನು ನೋಡಿ ತನ್ನನ್ನು ತಿದ್ದಿಕೊಳ್ಳುವ ಆಸಿಲೇಟರ್. ಆಮೇಲೆ ಎಲ್‌ಪಿಆರ್‌ಒ-101 ಎಂಬ ರುಬಿಡಿಯಂ ಪೆಟ್ಟಿಗೆ ಬಂತು. ಎರಡೂ 10 ಮೆಗಾಹರ್ಟ್ಜ್ ಕೊಡುತ್ತವೆ. ಆದರೆ ಆಸಿಲೋಸ್ಕೋಪಿನಲ್ಲಿ ಥಂಡರ್‌ಬೋಲ್ಟಿನ ಅಲೆ ನಿಲ್ಲಿಸಿಕೊಂಡು ನೋಡಿದರೆ ರುಬಿಡಿಯಂ ಅಲೆ ಮೆಲ್ಲಗೆ ಎಡಕ್ಕೆ ಸರಿಯುತ್ತದೆ. ಒಂದು ಪೂರ್ತಿ ಅಲೆ ದಾಟಲು ಐದೂವರೆ ನಿಮಿಷ. ಯಾವುದು ಸರಿ, ಯಾವುದು ತಪ್ಪು? ರಾತ್ರಿ ಎದ್ದು ಹೋಗಿ ನೋಡುತ್ತೇನೆ. ಥಂಡರ್‌ಬೋಲ್ಟ್ ತೋರಿಸುವ ದಿನಾಂಕವೂ ಹತ್ತೊಂಬತ್ತು ವರ್ಷಕ್ಕಿಂತ ಹಿಂದಿದೆ. ಈಗ ವಿದೇಶದಲ್ಲಿ ಒಂದು ಹಳೇ ಸೀಸಿಯಂ ಗಡಿಯಾರ ಮಾರಾಟಕ್ಕಿದೆ. ಅದು ಬಂದರೆ ಜಗಳ ತೀರುತ್ತದೆ ಅನಿಸುತ್ತದೆ, ಆದರೆ ಮಗಳ ಓದಿಗೆಂದು ಇಟ್ಟ ಎಫ್‌ಡಿ ಮುರಿಸಬೇಕು. ಹೆಂಡತಿಗೆ ‘ಪರಮಾಣು’ ಎಂದರೆ ಭಯ, ಕರೆಂಟ್ ಬಿಲ್ಲಿನ ಚಿಂತೆ ಬೇರೆ. ಪಾರ್ಸೆಲ್‌ಗಳನ್ನು ಕಾಲೇಜಿನ ವಿಳಾಸಕ್ಕೆ ತರಿಸುತ್ತಿದ್ದೇನೆ. ನನಗೆ ಹುಚ್ಚು ಹಿಡಿದಿದೆಯೇ?

ಉತ್ತರ: ಮೊದಲು ಆ ಐದೂವರೆ ನಿಮಿಷದ ಲೆಕ್ಕ ಬಿಡಿಸೋಣ. ಅದು ಬಿಡಿಸದೆ ಬೇರೇನು ಹೇಳಿದರೂ ನಿಮ್ಮ ತಲೆಗೆ ಇಳಿಯುವುದಿಲ್ಲ.

10 ಮೆಗಾಹರ್ಟ್ಜ್ ಅಲೆಯ ಒಂದು ಸುತ್ತಿಗೆ 100 ನ್ಯಾನೊಸೆಕೆಂಡ್. ಅಷ್ಟು ಸರಿಯಲು 330 ಸೆಕೆಂಡ್ ಹಿಡಿಯುತ್ತಿದ್ದರೆ ಎರಡು ಪೆಟ್ಟಿಗೆಗಳ ನಡುವಿನ ವ್ಯತ್ಯಾಸ ಸಾವಿರ ಕೋಟಿಯಲ್ಲಿ ಮೂರು ಭಾಗ. ಎರಡರಿಂದಲೂ ಒಂದೊಂದು ಗಡಿಯಾರ ಓಡಿಸಿದಿರಿ ಅಂದುಕೊಳ್ಳಿ. ಈ ವೇಗ ಹೀಗೇ ಉಳಿದರೆ ಒಂದು ವರ್ಷದ ಮೇಲೂ ಅವುಗಳ ನಡುವೆ 10 ಮಿಲಿಸೆಕೆಂಡ್ ಅಂತರ ತುಂಬುವುದಿಲ್ಲ. ನೂರು ವರ್ಷ ಕಳೆದರೂ ಒಂದು ಸೆಕೆಂಡ್ ಆಗುವುದಿಲ್ಲ. ಕೈಗೆ ಕಟ್ಟುವ ಸಾಮಾನ್ಯ ಕ್ವಾರ್ಟ್ಜ್ ವಾಚು ಒಂದು ಸೆಕೆಂಡ್ ತಪ್ಪಲು ಎರಡು ದಿನ ಸಾಕು. ಅಲೆ ಎಡಕ್ಕೆ ಸರಿಯುತ್ತಿದೆ ಎಂದು ಗಮನಿಸಿ ಬರೆದಿದ್ದೀರಿ, ಅದಕ್ಕೂ ಅರ್ಥವಿದೆ: ರುಬಿಡಿಯಂ ತುಸು ಮುಂದಾಗಿ ಓಡುತ್ತಿದೆ. ನಿಮ್ಮನ್ನು ನಿದ್ದೆಗೆಡಿಸಿದ್ದು ಕೆಟ್ಟುಹೋದ ಉಪಕರಣವಲ್ಲ. ದಾವಣಗೆರೆಯ ಒಂದು ಮನೆಯಲ್ಲಿ ಕೂತು ನೀವು ಸಾವಿರ ಕೋಟಿಯಲ್ಲಿ ಮೂರು ಭಾಗವನ್ನು ಬರಿಗಣ್ಣಿಗೆ ಕಾಣಿಸಿಕೊಂಡಿದ್ದೀರಿ. ಇದು ಒಳ್ಳೆಯ ಅಳತೆ. ಇದನ್ನು ಕಾಯಿಲೆಯೆಂದು ತಿಳಿದದ್ದಷ್ಟೇ ತೊಂದರೆ.

ಯಾವುದು ಸರಿ ಎಂಬುದಕ್ಕೆ ನೇರ ಉತ್ತರವಿದೆ. ದಿನಗಳ ಲೆಕ್ಕದಲ್ಲಿ ಥಂಡರ್‌ಬೋಲ್ಟೇ ಸರಿ. ಏಕೆಂದು ತಿಳಿಯಲು ರುಬಿಡಿಯಂ ಪೆಟ್ಟಿಗೆಯ ಒಳಗೆ ಹೋಗಬೇಕು. ಅಲ್ಲೊಂದು ಪುಟ್ಟ ರುಬಿಡಿಯಂ ದೀಪ ಉರಿಯುತ್ತದೆ. ಅದರ ಬೆಳಕು ಗಾಜಿನ ಕೋಶವೊಂದನ್ನು ಹಾದು ಸಂವೇದಕದ ಮೇಲೆ ಬೀಳುತ್ತದೆ. ಕೋಶದಲ್ಲಿರುವುದು ರುಬಿಡಿಯಂ-87ರ ಆವಿ. ಒಳಗಿನ ಕ್ವಾರ್ಟ್ಜ್ ಆಸಿಲೇಟರಿನಿಂದ ಹುಟ್ಟಿಸಿದ ಮೈಕ್ರೊವೇವ್ ಅನ್ನು ಆ ಕೋಶಕ್ಕೆ ಹಾಯಿಸುತ್ತಾರೆ. ಅದು 6,834.68 ಮೆಗಾಹರ್ಟ್ಜ್ ಸುತ್ತಮುತ್ತ ಕರಾರುವಾಕ್ಕಾಗಿ ಕೂಡಿದ ಕ್ಷಣ ಬೆಳಕು ಒಂದು ಎಳೆಯಷ್ಟು ಮಂಕಾಗುತ್ತದೆ. ಉಳಿದ ಸರ್ಕ್ಯೂಟಿನ ಕೆಲಸವೆಲ್ಲ ಆ ಮಂಕಿನ ತಳ ಹುಡುಕಿ ಕ್ವಾರ್ಟ್ಜನ್ನು ಅಲ್ಲೇ ಹಿಡಿದಿಡುವುದು. ಇಷ್ಟು ಸೊಗಸಾದ ಯುಕ್ತಿ ಒಂದು ಪುಸ್ತಕದಗಲದ ಪೆಟ್ಟಿಗೆಯಲ್ಲಿ ಕೂತಿದೆ ಎಂಬುದು ನನಗೆ ಇಂದಿಗೂ ಬೆರಗಿನ ಸಂಗತಿ.

ಆದರೆ ಕೋಶದಲ್ಲಿ ರುಬಿಡಿಯಂ ಜೊತೆಗೆ ಬಫರ್ ಅನಿಲವೂ ಇರುತ್ತದೆ, ಅದು ಪರಮಾಣುಗಳ ಆವರ್ತನವನ್ನು ಕೊಂಚ ಸರಿಸುತ್ತದೆ. ಕಾಂತಕ್ಷೇತ್ರ ಕೊಂಚ ಸರಿಸುತ್ತದೆ. ದೀಪದ ಬೆಳಕೇ ಕೊಂಚ ಸರಿಸುತ್ತದೆ. ಇದನ್ನೆಲ್ಲ ಕಾರ್ಖಾನೆಯಲ್ಲಿ ಒಮ್ಮೆ ಸರಿದೂಗಿಸಿ ಕಳಿಸುತ್ತಾರೆ. ಮೊಬೈಲ್ ಟವರಿನ ಬುಡದಲ್ಲಿ ವರ್ಷಗಟ್ಟಲೆ ಕಾದು, ಗುಜರಿಗೆ ಬಿದ್ದು, ಕಡಲು ದಾಟಿ ಬಂದ ಮೇಲೆ ಆ ಹೊಂದಿಕೆ ಹಾಗೇ ಉಳಿದಿರುವುದಿಲ್ಲ. ಮನೆಯ ಹಾರ್ಮೋನಿಯಂ ವರ್ಷವಿಡೀ ಅದೇ ಸ್ವರ ನುಡಿಯುತ್ತದೆ, ಆದರೆ ಆ ಸ್ವರ ಪಕ್ಕದ ಮನೆಯ ಹಾರ್ಮೋನಿಯಂಗೆ ಕೂಡಲೇಬೇಕೆಂದಿಲ್ಲವಲ್ಲ, ಹಾಗೆ. ರುಬಿಡಿಯಂಗೆ ಯಾರಾದರೂ ಶ್ರುತಿ ಕೊಡಬೇಕು. ಕೊಟ್ಟ ಶ್ರುತಿಯನ್ನು ಅದು ಚೆನ್ನಾಗಿ ಕಾಯುತ್ತದೆ.

ಶ್ರುತಿ ಕೊಡುವ ಕೆಲಸ ಥಂಡರ್‌ಬೋಲ್ಟಿನದು. ಅದರೊಳಗಿರುವುದು ಬಿಸಿಗೂಡಿನಲ್ಲಿಟ್ಟ ಕ್ವಾರ್ಟ್ಜ್, ಅಷ್ಟೇ. ಆದರೆ ಅದಕ್ಕೆ ದಾರಿ ತೋರಿಸುವ ಜಿಪಿಎಸ್ ಉಪಗ್ರಹಗಳ ಸಮಯವನ್ನು ಅಮೆರಿಕದ ನೌಕಾ ವೀಕ್ಷಣಾಲಯದ ಗಡಿಯಾರಗಳಿಗೆ ಹೊಂದಿಸಿ ಇಟ್ಟಿರುತ್ತಾರೆ. ನಿಮ್ಮ ತಾರಸಿಯ ಮೇಲಿನ ಆಂಟೆನಾ ಒಂದು ದಿನ ಪೂರ್ತಿ ಆಕಾಶ ನೋಡಿದರೆ ಆ ಗಡಿಯಾರಗಳ ಸರಾಸರಿ ನಿಮ್ಮ ಮೇಜಿಗೆ ಇಳಿದಂತೆಯೇ. ಇದು ಒಂದು ದಿನದ ಮಾತು, ನೆನಪಿಡಿ. ಐದು ನಿಮಿಷ, ಹತ್ತು ನಿಮಿಷದ ಲೆಕ್ಕದಲ್ಲಿ ಜಿಪಿಎಸ್ ಸಂಕೇತ ಅಯಾನುಗೋಳ ದಾಟುವಾಗ ನ್ಯಾನೊಸೆಕೆಂಡುಗಟ್ಟಲೆ ಅಲುಗಾಡುತ್ತದೆ, ಥಂಡರ್‌ಬೋಲ್ಟೂ ಅದರ ಹಿಂದೆ ಅಲುಗಾಡುತ್ತದೆ. ಆ ಹೊತ್ತಿನಲ್ಲಿ ರುಬಿಡಿಯಮ್ಮೇ ಹೆಚ್ಚು ಸಮಾಧಾನಿ. ಸೆಕೆಂಡುಗಳ ಮಟ್ಟದಲ್ಲಿ ಇವೆರಡಕ್ಕಿಂತ ಒಳ್ಳೆಯ ಕ್ವಾರ್ಟ್ಜ್ ವಾಸಿ. ಯಾವ ಗಡಿಯಾರ ಎಷ್ಟು ಹೊತ್ತಿನ ಅಳತೆಯಲ್ಲಿ ನಂಬಿಕಸ್ತ ಎಂಬುದನ್ನು ಒಂದೇ ಗೆರೆಯಲ್ಲಿ ಬಿಡಿಸಿ ತೋರಿಸುವ ಲೆಕ್ಕವನ್ನು ಡೇವಿಡ್ ಅಲನ್ 1966ರಲ್ಲಿ ಕೊಟ್ಟರು. ಅಲನ್ ಡೀವಿಯೇಶನ್ ಎಂದು ಅವರ ಹೆಸರಲ್ಲೇ ಕರೆಯುತ್ತಾರೆ. ನೀವು ರಾತ್ರಿ ಎದ್ದು ನೋಡುತ್ತಿರುವುದು ಆ ಗೆರೆಯ ಒಂದೇ ಒಂದು ಚುಕ್ಕೆ.

ಹಾಗಾಗಿ ಸ್ಕೋಪಿನ ಮುಂದೆ ಕೂರುವುದನ್ನು ಬಿಡಿ, ದಾಖಲೆ ಮಾಡಿ. ನಿಮಗೆ ಬೇಕಿರುವುದು ಮೂರನೇ ಗಡಿಯಾರವಲ್ಲ, ಎರಡರ ನಡುವಿನ ಸಮಯ ಅಳೆಯುವ ಕೌಂಟರ್. ಕಾಲೇಜಿನ ಲ್ಯಾಬಿನಲ್ಲಿ ಹಳೇ ಎಚ್‌ಪಿ ಟೈಮ್ ಇಂಟರ್ವಲ್ ಕೌಂಟರ್ ಧೂಳು ತಿನ್ನುತ್ತಿದೆಯೇ ನೋಡಿ. ಇಲ್ಲದಿದ್ದರೆ ಟಿಎಪಿಆರ್ ಎಂಬ ಹ್ಯಾಮ್ ಸಂಘ ಆರ್ಡುಇನೊ ಮೇಲೆ ಕೂರುವ ಟಿಐಸಿಸಿ ಎಂಬ ಬೋರ್ಡು ರೂಪಿಸಿದೆ, ನಿಮ್ಮ ಕೆಲಸಕ್ಕೆ ಬೇಕಾದ್ದಕ್ಕಿಂತ ಸೂಕ್ಷ್ಮವಾಗಿಯೇ ಅಳೆಯುತ್ತದೆ. ಟೈಮ್‌ಲ್ಯಾಬ್ ಎಂಬ ಉಚಿತ ತಂತ್ರಾಂಶ ಗೆರೆ ಬಿಡಿಸಿಕೊಡುತ್ತದೆ. ಸಂಜೆ ಶುರು ಮಾಡಿ ಮಲಗಿ. ಬೆಳಗ್ಗೆ ಕಾಫಿ ಆದ ಮೇಲೆ ನೋಡಿ. ನೋಡುವ ಕೆಲಸವನ್ನು ಯಂತ್ರಕ್ಕೆ ಬಿಟ್ಟರೆ ಏಳುವ ಕಾರಣವೇ ಇರುವುದಿಲ್ಲ.

ಒಂದು ವಾರದ ದಾಖಲೆ ಕೈಯಲ್ಲಿದ್ದಾಗ ರುಬಿಡಿಯಂ ತಿದ್ದಿ. ಅದರ ಹೊದಿಕೆಯ ರಂಧ್ರದೊಳಗೆ ಸಿ-ಫೀಲ್ಡ್, ಅಂದರೆ ಕೋಶದ ಕಾಂತಕ್ಷೇತ್ರ, ಹೊಂದಿಸುವ ಸ್ಕ್ರೂ ಇದೆ. ಕೂದಲೆಳೆಯಷ್ಟು ತಿರುಗಿಸಿ, ಒಂದು ದಿನ ಬಿಡಿ, ಮತ್ತೆ ದಾಖಲೆ ನೋಡಿ. ಒಂದೇ ಸಂಜೆಯಲ್ಲಿ ಹತ್ತು ಸಲ ತಿರುಗಿಸಿದವರಿಗೆ ಏನೂ ಸಿಗುವುದಿಲ್ಲ. ಪೆಟ್ಟಿಗೆಯ ತಳಕ್ಕೆ ದಪ್ಪ ಹೀಟ್‌ಸಿಂಕ್ ಹಾಕಿ, ನಿಮ್ಮೂರಿನ ಏಪ್ರಿಲ್ ಬಿಸಿಲನ್ನು ಅದು ಬರಿ ಮೈಯಲ್ಲಿ ತಾಳುವುದಿಲ್ಲ. ಟ್ರಾನ್ಸ್‌ಫಾರ್ಮರ್, ಸ್ಪೀಕರ್ ಪಕ್ಕದಲ್ಲಿ ಇಡಬೇಡಿ. ಲ್ಯಾಂಪ್ ವೋಲ್ಟೇಜ್ ತೋರಿಸುವ ಪಿನ್ ಇದೆ, ತಿಂಗಳಿಗೊಮ್ಮೆ ಅಳೆದು ಬರೆದಿಡಿ. 3 ವೋಲ್ಟಿಗಿಂತ ಕೆಳಗೆ ಇಳಿಯುತ್ತಿದ್ದರೆ ದೀಪಕ್ಕೆ ಮುಪ್ಪು ಬಂದಿದೆ. ದೀಪ ಸವೆಯುವ ವಸ್ತುವಾದ್ದರಿಂದ ರುಬಿಡಿಯಮ್ಮನ್ನು ಬೇಕಾದಾಗ ಮಾತ್ರ ಹಚ್ಚಿ, ಕೆಲವೇ ನಿಮಿಷಗಳಲ್ಲಿ ಲಾಕ್ ಆಗುತ್ತದೆ. ಥಂಡರ್‌ಬೋಲ್ಟಿನ ಕ್ವಾರ್ಟ್ಜ್‌ಗೆ ಇದರ ತದ್ವಿರುದ್ಧ: ಅದು ಹಗಲೂ ರಾತ್ರಿ ಉರಿಯುತ್ತಿರಬೇಕು, ಪ್ರತಿ ಸಲ ಕರೆಂಟ್ ಹೋಗಿ ಬಂದಾಗ ದಿನಗಟ್ಟಲೆ ಮತ್ತೆ ನೆಲೆಗೊಳ್ಳುತ್ತದೆ. ಮನೆಯ ಇನ್ವರ್ಟರ್ ಬ್ಯಾಟರಿಯ ಬೆಂಬಲ ಅದಕ್ಕೆ ಕೊಡಿ.

ಥಂಡರ್‌ಬೋಲ್ಟಿನ ದಿನಾಂಕದ ಬಗ್ಗೆ ಕೇಳಿದ್ದೀರಿ. ಜಿಪಿಎಸ್ ವಾರಗಳನ್ನು ಎಣಿಸುವ ಲೆಕ್ಕಕ್ಕೆ ಹಿಂದೆ ಹತ್ತೇ ಬಿಟ್ ಕೊಟ್ಟಿದ್ದರು. 1024 ವಾರಕ್ಕೊಮ್ಮೆ, ಅಂದರೆ ಸುಮಾರು 19 ವರ್ಷ 7 ತಿಂಗಳಿಗೊಮ್ಮೆ, ಎಣಿಕೆ ಸೊನ್ನೆಗೆ ಬರುತ್ತದೆ. ಥಂಡರ್‌ಬೋಲ್ಟಿನ ತಂತ್ರಾಂಶ ಇದನ್ನು ನಿಭಾಯಿಸಬಲ್ಲ ಅವಧಿ 2017ರ ಜುಲೈ 30ಕ್ಕೆ ಮುಗಿಯಿತು. 10 ಮೆಗಾಹರ್ಟ್ಜ್‌ಗಾಗಲಿ, ಸೆಕೆಂಡಿಗೊಮ್ಮೆ ಬರುವ ಮಿಡಿತಕ್ಕಾಗಲಿ ಇದರಿಂದ ಏನೂ ಆಗುವುದಿಲ್ಲ. ಲೇಡಿ ಹೆದರ್ ಎಂಬ ಉಚಿತ ತಂತ್ರಾಂಶ ದಿನಾಂಕವನ್ನು ತಾನೇ ಸರಿಪಡಿಸಿ ತೋರಿಸುತ್ತದೆ.

ಇನ್ನು ಸೀಸಿಯಂ. ಅದು ಬೇಡ. ಖಡಾಖಂಡಿತವಾಗಿ ಬೇಡ.

ಅದರ ಆಕರ್ಷಣೆ ನನಗೆ ಅರ್ಥವಾಗುತ್ತದೆ. 1967ರಿಂದ ಸೆಕೆಂಡ್ ಎಂಬುದರ ವ್ಯಾಖ್ಯೆಯೇ ಸೀಸಿಯಂ-133ರ 9,192,631,770 ಕಂಪನ. ಯಾರಿಂದಲೂ ಶ್ರುತಿ ಬೇಡದ ಗಡಿಯಾರ ಮನೆಯಲ್ಲಿರಬೇಕು ಎಂಬ ಆಸೆ ಈ ಹವ್ಯಾಸದವರಿಗೆಲ್ಲ ಒಂದಲ್ಲ ಒಂದು ದಿನ ಬರುತ್ತದೆ. ಆದರೆ ಸೀಸಿಯಂ ಕಿರಣದ ಗಡಿಯಾರ ತನ್ನ ಸೀಸಿಯಮ್ಮನ್ನು ತಿಂದೇ ಬದುಕುತ್ತದೆ. ಒಲೆಯಿಂದ ಹೊರಟ ಪರಮಾಣುಗಳು ಟ್ಯೂಬಿನ ಉದ್ದಕ್ಕೆ ಹಾರಿ ಇನ್ನೊಂದು ತುದಿಯಲ್ಲಿ ಅಂಟಿಕೊಳ್ಳುತ್ತವೆ, ಹಿಂದಿರುಗುವುದಿಲ್ಲ. ದಾಸ್ತಾನು ಮುಗಿದ ದಿನ ಟ್ಯೂಬ್ ಸತ್ತಂತೆ. ಹೊಸ ಟ್ಯೂಬಿನ ಬೆಲೆ ನಿಮ್ಮ ಇಡೀ ಪ್ರಯೋಗಶಾಲೆಗಿಂತ ಹೆಚ್ಚು. ದೊಡ್ಡ ಸಂಸ್ಥೆಗಳು ಹಳೇ ಸೀಸಿಯಮ್ಮನ್ನು ಹೊರಗೆ ಹಾಕುವುದೇ ಟ್ಯೂಬ್ ಮುಗಿಯುತ್ತಾ ಬಂದಾಗ. ಎಚ್‌ಪಿ 5071ಎ ಎಂಬ ಸೀಸಿಯಂ ಗಡಿಯಾರದ ತೂಕ 30 ಕಿಲೊ. ಸಾಗಣೆ, ಸುಂಕ, ಜಿಎಸ್‌ಟಿ ಎಲ್ಲ ಸೇರಿ ನೀವು ಕೊಳ್ಳುವುದು ಒಂದು ಸುಂದರ ಶವವಾಗಿರುವ ಸಾಧ್ಯತೆಯೇ ಹೆಚ್ಚು.

ಸೀಸಿಯಂ ಮನೆಯಲ್ಲಿಟ್ಟುಕೊಂಡ ಹವ್ಯಾಸಿಗಳಿಲ್ಲವೇ? ಇದ್ದಾರೆ. ಅಮೆರಿಕದ ಟಾಮ್ ವಾನ್ ಬಾಕ್ 2005ರಲ್ಲಿ ಮೂರು ಸೀಸಿಯಂ ಗಡಿಯಾರಗಳನ್ನು ಮನೆಯ ವ್ಯಾನಿಗೆ ಹೇರಿಕೊಂಡು, ಮಕ್ಕಳನ್ನೂ ಕೂರಿಸಿಕೊಂಡು ಮೌಂಟ್ ರೇನಿಯರ್‌ನಲ್ಲಿ ಸುಮಾರು 5,400 ಅಡಿ ಎತ್ತರದ ವಸತಿಗೃಹಕ್ಕೆ ಹೋದರು. ಎತ್ತರದಲ್ಲಿ ಕಾಲ ಬೇಗ ಓಡುತ್ತದೆ ಎಂದು ಐನ್‌ಸ್ಟೈನ್ ಹೇಳಿದ್ದನ್ನು ಸ್ವಂತ ಗಡಿಯಾರದಲ್ಲಿ ನೋಡಬೇಕಿತ್ತು. ವಾರಾಂತ್ಯ ಕಳೆದು ಮರಳಿದಾಗ ಮನೆಯಲ್ಲಿದ್ದ ಗಡಿಯಾರಗಳಿಗಿಂತ ಅವು ಸುಮಾರು 22 ನ್ಯಾನೊಸೆಕೆಂಡ್ ಮುಂದಿದ್ದವು, ಲೆಕ್ಕ ಹೇಳಿದಷ್ಟೇ. ಅವರಿಗೆ ಸೀಸಿಯಂ ಬಿಟ್ಟರೆ ಬೇರೆ ಯಾವುದೂ ಉತ್ತರಿಸಲಾರದ ಪ್ರಶ್ನೆ ಇತ್ತು. ನಿಮ್ಮ ರುಬಿಡಿಯಂ ಹೊತ್ತು ಮುಳ್ಳಯ್ಯನಗಿರಿ ಹತ್ತಿದರೆ ಆ ಪರಿಣಾಮ ಕಾಣುವುದಿಲ್ಲ, ಬೆಟ್ಟದ ಚಳಿಯೇ ಅದನ್ನು ಮುಚ್ಚಿಹಾಕುತ್ತದೆ. ನಿಮ್ಮ ಈಗಿನ ಪ್ರಶ್ನೆಗೆ ಸೀಸಿಯಂ ಬೇಕಿಲ್ಲ. ಥಂಡರ್‌ಬೋಲ್ಟ್ ಅದನ್ನು ಆಗಲೇ ಉತ್ತರಿಸಿದೆ.

ಗಡಿಯಾರಗಳು ಒಂದಕ್ಕೊಂದು ಹೊಂದದಿರುವುದು, ಕೆಡುವುದು ದೇಶಗಳಿಗೂ ತಪ್ಪಿದ್ದಲ್ಲ. ನಮ್ಮ ನಾವಿಕ್ ವ್ಯವಸ್ಥೆಯ ಮೊದಲ ಉಪಗ್ರಹ ಐಆರ್‌ಎನ್‌ಎಸ್‌ಎಸ್-1ಎಯಲ್ಲಿ ಮೂರು ರುಬಿಡಿಯಂ ಗಡಿಯಾರಗಳಿದ್ದವು, ಮೂರೂ ಆಮದು, ಮೂರೂ ಕೆಟ್ಟವು. 2017ರಲ್ಲಿ ಆ ಸುದ್ದಿ ಓದಿ ನಾವೆಲ್ಲ ಮರುಗಿದ್ದೆವು. ಇಸ್ರೊ ಸ್ವಂತ ರುಬಿಡಿಯಂ ಗಡಿಯಾರ ಮಾಡಿಕೊಂಡಿತು, 2023ರ ಮೇ 29ರಂದು ಎನ್‌ವಿಎಸ್-01 ಅದನ್ನು ಹೊತ್ತು ಮೇಲೇರಿತು. ಬೆಂಗಳೂರಿನ ಹೊರಗೆ ಬ್ಯಾಲಾಳಿನ ನ್ಯಾವಿಗೇಶನ್ ಕೇಂದ್ರದಲ್ಲಿ ನಾವಿಕ್ ಸಮಯ ಕಾಯುವವರು ಒಂದು ಗಡಿಯಾರವನ್ನು ನಂಬಿ ಕೂತಿಲ್ಲ. ಹಲವು ಗಡಿಯಾರಗಳನ್ನು ಒಂದಕ್ಕೊಂದು ಹೋಲಿಸಿ, ವ್ಯತ್ಯಾಸ ಬರೆದು, ತೂಗಿ ಸರಾಸರಿ ತೆಗೆಯುತ್ತಾರೆ. ಎರಡು ಪೆಟ್ಟಿಗೆಗಳ ದಾಖಲೆ ಶುರು ಮಾಡಿದರೆ ನೀವೂ ಅದೇ ಕಸುಬಿನವರು.

ಮುಂದೆ ಏನಾದರೂ ಕೊಳ್ಳುವುದಿದ್ದರೆ ಕೆಲವು ಮಾತು. ಸಿಡಿಎಂಎ ಮೊಬೈಲ್ ಟವರುಗಳಿಗೆ ನಿಖರ ಸಮಯ ಬೇಕಿತ್ತು, ಅದಕ್ಕೇ ಈ ಪೆಟ್ಟಿಗೆಗಳು ಹುಟ್ಟಿದ್ದು. ಆ ಜಾಲಗಳು ಮುಚ್ಚಿದಂತೆಲ್ಲ ಅವು ರಾಶಿ ರಾಶಿಯಾಗಿ ಗುಜರಿಗೆ ಬಂದವು. ಆ ಹೊಳೆ ಈಗ ಬತ್ತುತ್ತಿದೆ, ಉಳಿದಿರುವುದರಲ್ಲಿ ಜೊಳ್ಳು ಹೆಚ್ಚು. ‘ಟೆಸ್ಟ್ ಆಗಿದೆ’ ಎಂಬ ಮಾತು ನಂಬಬೇಡಿ. ಲಾಕ್ ಆದ ಸ್ಥಿತಿಯ ಚಿತ್ರ, ಲ್ಯಾಂಪ್ ವೋಲ್ಟೇಜಿನ ಅಂಕಿ ಕೇಳಿ, ಕೊಡಲು ಹಿಂಜರಿದರೆ ಬಿಡಿ. ಕ್ವಾರ್ಟ್ಜ್ ಆಸಿಲೇಟರುಗಳ ಕಾಲುಗಳನ್ನು ಹತ್ತಿರದಿಂದ ನೋಡಿ. ಮೊಂಡಾಗಿ ಕತ್ತರಿಸಿದ್ದರೆ, ಬುಡದ ಬಣ್ಣ ಕಂದಿದ್ದರೆ ಯಾರೋ ಬೋರ್ಡಿನಿಂದ ಬಿಸಿಗಾಳಿಯಲ್ಲಿ ಎಬ್ಬಿಸಿ ಕಿತ್ತಿದ್ದಾರೆ ಎಂದರ್ಥ. ಬೆಲೆ ಕಡಿಮೆ ಬರೆಸಿ ‘ಗಿಫ್ಟ್’ ಎಂದು ಕಳಿಸಲು ಹೇಳಬೇಡಿ, ಕಸ್ಟಮ್ಸ್‌ನಲ್ಲಿ ಸಿಕ್ಕಿಬಿದ್ದರೆ ವಸ್ತುವೂ ಹೋಗುತ್ತದೆ, ಮರ್ಯಾದೆಯೂ ಹೋಗುತ್ತದೆ. ಹೀಟ್‌ಸಿಂಕ್, ಕೇಬಲ್, ಬಿಎನ್‌ಸಿ ಕನೆಕ್ಟರ್, ರುಬಿಡಿಯಂಗೆ 24 ವೋಲ್ಟ್ ಸಪ್ಲೈ ಇವೆಲ್ಲ ಬೆಂಗಳೂರಿನ ಎಸ್‌.ಪಿ. ರಸ್ತೆಯಲ್ಲಿ ಕೈಯಲ್ಲಿ ಹಿಡಿದು ನೋಡಿ ತರಬಹುದು.

ಈಗ ಮನೆಯ ಮಾತು. ನಿಮ್ಮ ಹೆಂಡತಿಯ ಭಯಕ್ಕೆ ಉತ್ತರ ಕೊಡುವುದು ನಿಮ್ಮ ಕರ್ತವ್ಯ, ಮತ್ತು ಉತ್ತರ ಸುಲಭವಾಗಿದೆ. ಪರಮಾಣು ಗಡಿಯಾರದಲ್ಲಿ ಪರಮಾಣು ಒಡೆಯುವುದಿಲ್ಲ, ಅದರ ಹೊರಗಿನ ಎಲೆಕ್ಟ್ರಾನ್ ತನ್ನ ದಿಕ್ಕು ಬದಲಿಸುತ್ತದೆ, ಅಷ್ಟೇ. ಚೆರ್ನೊಬಿಲ್‌ನಲ್ಲಿ ಊರು ಹಾಳುಮಾಡಿದ ವಸ್ತುಗಳಲ್ಲಿ ಒಂದು ಸೀಸಿಯಂ-137. ಗಡಿಯಾರದ ಸೀಸಿಯಂ-133ಕ್ಕೆ ವಿಕಿರಣವೇ ಇಲ್ಲ. ರುಬಿಡಿಯಂ-87 ಮಾತ್ರ ಹೆಸರಿಗೆ ವಿಕಿರಣಶೀಲ, ಆದರೆ ಅದರ ಅರ್ಧಾಯುಷ್ಯ ಸುಮಾರು 4,900 ಕೋಟಿ ವರ್ಷ, ವಿಶ್ವದ ವಯಸ್ಸಿನ ಮೂರು ಪಟ್ಟಿಗೂ ಮಿಗಿಲು. ನಾವು ತಿನ್ನುವ ಊಟದಲ್ಲಿ, ನಮ್ಮ ಮೈಯಲ್ಲಿ ಅದು ಸಹಜವಾಗಿ ಇದ್ದೇ ಇದೆ, ಗಡಿಯಾರದ ಕೋಶದಲ್ಲಿರುವುದು ಅತ್ಯಲ್ಪ. ಕರೆಂಟಿನ ಲೆಕ್ಕ: ಬಿಸಿಯಾದ ಮೇಲೆ ರುಬಿಡಿಯಂ ಎಳೆಯುವುದು 12 ವಾಟ್ ಆಸುಪಾಸು. ತಿಂಗಳಿಡೀ ಬಿಟ್ಟರೂ 9 ಯುನಿಟ್ ಒಳಗೆ. ಈ ಅಂಕಿಗಳನ್ನು ಅವರ ಮುಂದೆ ಕೂತು ಬರೆದು ತೋರಿಸಿ.

ಆದರೆ ಅವರಿಗೆ ವಿಕಿರಣಕ್ಕಿಂತ ಹೆಚ್ಚಿನ ಆತಂಕ ಬೇರೆ ಇರಬಹುದು. ನಡುರಾತ್ರಿ ಎದ್ದು ಹೋಗುವ, ಏನೋ ಮುಚ್ಚಿಡುವ ಗಂಡನ ಬಗ್ಗೆ ಯಾವ ಹೆಣ್ಣಿಗೂ ಸಮಾಧಾನವಿರುವುದಿಲ್ಲ. ಈ ವಿಷಯದಲ್ಲಿ ನಾನು ಪೂರ್ತಿ ಅವರ ಪರ. ಪಾರ್ಸೆಲ್ ಇನ್ನು ಮುಂದೆ ಮನೆ ವಿಳಾಸಕ್ಕೇ ಬರಲಿ. ಇಲ್ಲಿಯವರೆಗೆ ಖರ್ಚಾದ ಮೊತ್ತ ಎಷ್ಟೆಂದು, ಒಂದು ರೂಪಾಯಿ ಬಿಡದೆ, ನೀವೇ ಹೇಳಿ. ಒಂದು ಸಂಜೆ ಕಹಿಯಾಗಬಹುದು, ಆಗಲಿ. ಆಮೇಲೆ ಇಬ್ಬರೂ ಒಪ್ಪುವ ಒಂದು ತಿಂಗಳ ಮೊತ್ತ ಗೊತ್ತುಮಾಡಿಕೊಳ್ಳಿ. ಮಗಳ ಎಫ್‌ಡಿ ಕಡೆ ತಿರುಗಿಯೂ ನೋಡಬೇಡಿ. ಹುಚ್ಚು ಹಿಡಿದಿದೆಯೇ ಎಂದು ಕೇಳಿದ್ದೀರಿ. ನಿಖರತೆಯ ಮೇಲಿನ ಪ್ರೀತಿಯನ್ನು ನಾನು ಹುಚ್ಚು ಎನ್ನಲಾರೆ. ನಿದ್ದೆ ಕೆಡುವುದು ಮಾತ್ರ ದಾಖಲೆ ಶುರುವಾಗಿ ತಿಂಗಳಾದರೂ ಮುಂದುವರಿದರೆ ವೈದ್ಯರನ್ನು ಕಾಣಿ, ಆಗ ಅದಕ್ಕೆ ಕಾರಣ ಗಡಿಯಾರ ಆಗಿರಲಾರದು.

ನಿಮ್ಮ ಪತ್ರದಲ್ಲಿ ಒಂದು ಸಂಗತಿ ಇಲ್ಲ: ಈ 10 ಮೆಗಾಹರ್ಟ್ಜ್‌ನಿಂದ ಏನು ಮಾಡುತ್ತಿದ್ದೀರಿ ಎಂಬುದು. ಎರಡು ಆಸಿಲೇಟರುಗಳು ಪರಸ್ಪರ ಮುಖ ನೋಡಿಕೊಂಡು ಕೂತಿವೆ, ಅದೇ ನಿಮ್ಮ ಕಳವಳದ ಬೇರು ಎಂದು ನನಗನಿಸುತ್ತದೆ. ಹ್ಯಾಮ್ ಆಗಿ ನಿಮಗೆ ಇದಕ್ಕೆ ಒಳ್ಳೆಯ ಕೆಲಸವಿದೆ. ಕತಾರಿನ ಎಸ್‌ಹೇಲ್-2 ಉಪಗ್ರಹದಲ್ಲಿ ಹವ್ಯಾಸಿಗಳಿಗೆಂದೇ ಇಟ್ಟ ಕ್ಯುಒ-100 ಇದೆ, ಭೂಸ್ಥಿರ ಕಕ್ಷೆಯಲ್ಲಿ ಹ್ಯಾಮ್‌ಗಳಿಗೆ ಸಿಕ್ಕ ಮೊದಲ ಟ್ರಾನ್ಸ್‌ಪಾಂಡರ್. 2018ರ ನವೆಂಬರಿನಲ್ಲಿ ಮೇಲೇರಿತು. 25.9 ಡಿಗ್ರಿ ಪೂರ್ವ ರೇಖಾಂಶದಲ್ಲಿ ನಿಂತಿದೆ. ದಾವಣಗೆರೆಯಿಂದ ನೋಡಿದರೆ ನೇರ ಪಶ್ಚಿಮಕ್ಕಿಂತ ಸುಮಾರು 12 ಡಿಗ್ರಿ ದಕ್ಷಿಣಕ್ಕೆ, ದಿಗಂತದಿಂದ 31 ಡಿಗ್ರಿ ಮೇಲೆ. ಅದರ ನಡುವಿನ ಬೀಕನ್ 10,489.75 ಮೆಗಾಹರ್ಟ್ಜ್‌ನಲ್ಲಿ ಹಗಲೂ ರಾತ್ರಿ ಬರುತ್ತಿರುತ್ತದೆ. ಟಿವಿ ಡಿಶ್ಶಿನ ಎಲ್‌ಎನ್‌ಬಿ ಸಾಕು. ಲಂಬ ಧ್ರುವೀಕರಣಕ್ಕೆ 13 ವೋಲ್ಟ್ ಕೊಡಿ. ಎಲ್‌ಎನ್‌ಬಿಯೊಳಗಿನ 9,750 ಮೆಗಾಹರ್ಟ್ಜ್ ಕಳೆದು ಬೀಕನ್ 739.75ಕ್ಕೆ ಇಳಿಯುತ್ತದೆ, ಅಗ್ಗದ ಎಸ್‌ಡಿಆರ್ ಡಾಂಗಲ್ ಅದನ್ನು ಹಿಡಿಯುತ್ತದೆ.

ಅಲ್ಲೇ ತೊಡಕಿರುವುದು. ಆ 9,750 ಹುಟ್ಟುವುದು ಒಂದು ಅಗ್ಗದ ಹರಳಿನಿಂದ. ಹರಳು ಹತ್ತು ಲಕ್ಷದಲ್ಲಿ ಒಂದು ಭಾಗ ತಪ್ಪಿದರೂ ಬೀಕನ್ ಸುಮಾರು 10 ಕಿಲೊಹರ್ಟ್ಜ್ ಅತ್ತಿತ್ತ ಹೋಗುತ್ತದೆ, ಬಿಸಿಲೇರಿದಂತೆ ಜಾರುತ್ತಲೇ ಇರುತ್ತದೆ. 25 ಮೆಗಾಹರ್ಟ್ಜ್ ಹರಳಿರುವ ಎಲ್‌ಎನ್‌ಬಿ ಆರಿಸಿ. ಆ ಹರಳು ತೆಗೆದು, ಥಂಡರ್‌ಬೋಲ್ಟಿನ 10ನ್ನು ಒಂದು ಸಣ್ಣ ಪಿಎಲ್‌ಎಲ್ ಬೋರ್ಡಿನಲ್ಲಿ 25 ಮಾಡಿ ಅದರ ಜಾಗಕ್ಕೆ ಕೊಡಿ, ಜಾರುವುದು ನಿಲ್ಲುತ್ತದೆ. ನಿಮ್ಮ ನಿದ್ದೆಗೆಡಿಸಿದ ಸಾವಿರ ಕೋಟಿಯಲ್ಲಿ ಮೂರು ಭಾಗ ಇಲ್ಲಿ ಎಷ್ಟಾಗುತ್ತದೆ ಲೆಕ್ಕ ಹಾಕಿ: ಬರೀ 3 ಹರ್ಟ್ಜ್. ಯಾರ ದನಿ ಕೇಳುವಾಗಲೂ ನಿಮ್ಮ ಕಿವಿಗೆ ಅದು ತಿಳಿಯುವುದಿಲ್ಲ. ರುಬಿಡಿಯಂಗೂ ಇಲ್ಲಿ ಕೆಲಸವಿದೆ. ಬೇಸಿಗೆಯ ಗುಡುಗು ಮಳೆಯಲ್ಲಿ ಸಿಡಿಲಿಗೆ ಹೆದರಿ ಜಿಪಿಎಸ್ ಆಂಟೆನಾದ ತಂತಿ ಕಳಚಿಟ್ಟಾಗ, ತಿದ್ದಿಟ್ಟ ರುಬಿಡಿಯಂ ಮೇಜಿನ ಮೇಲಿನ ಅಳತೆಗಳನ್ನು ನಡೆಸಿಕೊಡುತ್ತದೆ. ಆಗ ಡಿಶ್ಶಿನ ತಂತಿಯನ್ನೂ ಕಳಚಿ. ಆಂಟೆನಾ ಕಂಬಕ್ಕೆ ಅರ್ಥಿಂಗ್ ಮಾಡಿಸದಿದ್ದರೆ ಮಿಕ್ಕ ಎಲ್ಲಕ್ಕಿಂತ ಮೊದಲು ಅದನ್ನು ಮಾಡಿಸಿ.

ಕೊನೆಯ ವರ್ಷದ ವಿದ್ಯಾರ್ಥಿಗಳಲ್ಲಿ ಇಬ್ಬರನ್ನು ಜೊತೆಗೆ ಸೇರಿಸಿಕೊಳ್ಳಿ. ಮೊದಲು ಹರಳು ತೆಗೆಯದ ಎಲ್‌ಎನ್‌ಬಿಯಲ್ಲಿ ಬೆಳಗ್ಗೆ ಆರಕ್ಕೊಮ್ಮೆ, ಮಧ್ಯಾಹ್ನ ಎರಡಕ್ಕೊಮ್ಮೆ ಬೀಕನ್ ಎಲ್ಲಿ ಬಂತೆಂದು ಅವರೇ ಬರೆದುಕೊಳ್ಳಲಿ. ಆಮೇಲೆ ಥಂಡರ್‌ಬೋಲ್ಟ್ ಜೋಡಿಸಿ ಅದೇ ಎರಡು ಹೊತ್ತಿನಲ್ಲಿ ಮತ್ತೆ ಅಳೆಯಲಿ. ಡಾಂಗಲ್‌ನ ಹರಳು ಬೇರೆಯೇ, ಅದರದ್ದೂ ಅಲ್ಪಸ್ವಲ್ಪ ತಪ್ಪು ಉಳಿದಿರುತ್ತದೆ. ಎರಡನ್ನೂ ಬೇರ್ಪಡಿಸಿ ತೋರಿಸುವ ಕೆಲಸವನ್ನು ಅವರಿಗೇ ಬಿಡಿ.